ಘಟ್ಟದಲ್ಲಿ ನಿಂತ ಪಿಕಪ್: ಹಳೆಯ ಡೀಸೆಲ್ ಗಾಡಿಯ ಟೈಮಿಂಗ್ ಮತ್ತು ಸೆನ್ಸರ್ ದೋಷ ಹುಡುಕುವ ಸಮಗ್ರ ಮಾರ್ಗದರ್ಶಿ

ಎರಡು ಮಳೆಗಾಲದ ಹಿಂದಿನ ಮಾತು. ಶಿರಸಿ ಹತ್ತಿರ ತೋಟ ಮಾಡಿಕೊಂಡಿರುವ ನನ್ನ ಭಾವನ ಪಿಕಪ್ ದೇವಿಮನೆ ಘಟ್ಟದಲ್ಲಿ ಕೆಟ್ಟು ನಿಂತಿತ್ತು. ಕುಮಟೆಗೆ ಬಂದು ವಾಪಸ್ ಹೋಗುವಾಗ ಏರಿನಲ್ಲಿ ನಿಂತದ್ದು. ಫೋನಿನಲ್ಲಿ ಅವನ ವರದಿ ಹೀಗಿತ್ತು: "ಬಿಸಿ ಆದ್ರೆ ಬಂದ್ ಬೀಳ್ತು ಭಾವಾ, ತಣಿದ್ರೆ ಮತ್ತೆ ಸ್ಟಾರ್ಟ್ ಆಗ್ತು. ಎಂತಕ್ಕೆ ಹೇಳೇ ಗೊತ್ತಾಗ್ತಿಲ್ಲೆ."

ಬಿಸಿಗೆ ನಿಲ್ಲುತ್ತದೆ, ತಣಿದರೆ ಹೊರಡುತ್ತದೆ. ಎಂಜಿನ್ನಿನ ಮುಖ್ಯ ದಂಡ (ಕ್ರ್ಯಾಂಕ್) ತಿರುಗುವುದನ್ನು ಓದುವ ಕ್ರ್ಯಾಂಕ್ ಸೆನ್ಸರ್ ಹೋಗುವಾಗ ಹೀಗೇ ಆಗುವುದು ಎಂದು ಶೆಡ್ಡಿನಲ್ಲಿ ಕೂತಲ್ಲೇ ತೀರ್ಪು ಕೊಟ್ಟು ಹೊಸ ಸೆನ್ಸರ್ ಹಾಕಿದೆ. ವಾರ ಕಳೆಯುವುದರೊಳಗೆ ಮತ್ತೆ ಅದೇ ತಿರುವಿನಲ್ಲಿ ನಿಂತಿತು. ಮಾಲು ನಕಲಿ ಇರಬೇಕೆಂದು ಇನ್ನೊಂದು ತರಿಸಿ ಹಾಕಿದೆ. ಅದೂ ಅಷ್ಟೇ. ಎರಡು ಸೆನ್ಸರಿನ ದುಡ್ಡು ಹೋಯಿತು, ಭಾವನ ಮುಂದೆ ಮರ್ಯಾದೆಯೂ ಹೋಯಿತು. ನಿಜವಾದ ದೋಷ ಎಲ್ಲಿತ್ತು ಎನ್ನುವುದನ್ನು ಕ್ರ್ಯಾಂಕ್ ಸೆನ್ಸರಿನ ಜಾಗಕ್ಕೆ ಬಂದಾಗ ಹೇಳುತ್ತೇನೆ. ಆವತ್ತಿನಿಂದ ನಾನು ಬಿಡದೆ ಅನುಸರಿಸುವ ಕ್ರಮವನ್ನು ಇಲ್ಲಿ ಬರೆದಿದ್ದೇನೆ. ಒಂದು ಮಲ್ಟಿಮೀಟರ್, ಒಂದು ಸಾದಾ ಸ್ಕ್ಯಾನರ್, ಟಾರ್ಚು ಇದ್ದರೆ ಮುಕ್ಕಾಲು ಪಾಲು ಕೆಲಸ ನೀವೇ ಮಾಡಿಕೊಳ್ಳಬಹುದು.

ಮೊದಲು ಡ್ರೈವರ್‌ನನ್ನು ಕೇಳಿ

ಬಾನೆಟ್ ಎತ್ತುವ ಮೊದಲು ಓಡಿಸುವವರ ಹತ್ತಿರ ಕೂತು ಕೇಳಿ. ಬೆಳಿಗ್ಗೆ ಮೊದಲ ಸೆಲ್ಫಿಗೇ ತಕರಾರೋ, ಬಿಸಿಯಾದ ಮೇಲೋ? ಮಳೆ ಬಂದ ದಿನ ಮಾತ್ರವೋ? ಖಾಲಿ ಗಾಡಿಯಲ್ಲೂ ಆಗುತ್ತದೆಯೋ, ಲೋಡ್ ಇದ್ದಾಗ ಮಾತ್ರವೋ? ಟ್ಯಾಂಕ್ ಅರ್ಧಕ್ಕಿಂತ ಕೆಳಗಿದ್ದಾಗಲೋ? ಇತ್ತೀಚೆಗೆ ಕ್ಲಚ್, ಬೆಲ್ಟ್, ರೇಡಿಯೇಟರ್ ಯಾವುದಾದರೂ ಕೆಲಸ ಆಗಿದೆಯೋ? ಕೊನೆಯ ಪ್ರಶ್ನೆಯನ್ನು ಎರಡು ಸಲ ಕೇಳಿ. ಕೆಲಸ ಆದ ಮಾರನೇ ದಿನದಿಂದ ಶುರುವಾದ ತಕರಾರು ಬಹಳ ಸಲ ಆ ಕೆಲಸದ ಆಸುಪಾಸಿನಲ್ಲೇ ಇರುತ್ತದೆ.

ಇನ್ನೊಂದು ಪ್ರಶ್ನೆ ಬಹಳ ಉಪಯೋಗಕ್ಕೆ ಬರುತ್ತದೆ. ಗೇರಿನಲ್ಲಿ ಓಡುತ್ತಿರುವಾಗಲೇ ಎಂಜಿನ್ ಬಂದಾದರೆ ಆರ್‌ಪಿಎಂ ಮುಳ್ಳು ಏನು ಮಾಡಿತು? ಗಾಡಿ ಇನ್ನೂ ಉರುಳುತ್ತಿದ್ದು, ಕ್ಲಚ್ ತುಳಿಯದೆ ಇದ್ದು, ಮುಳ್ಳು ಪಟ್ಟನೆ ಸೊನ್ನೆಗೆ ಬಿದ್ದಿದ್ದರೆ ಎಂಜಿನ್ ತಿರುಗುತ್ತಲೇ ಇತ್ತು, ಕ್ರ್ಯಾಂಕಿನ ಸುದ್ದಿ ಮಾತ್ರ ಇಸಿಯುಗೆ (ಎಂಜಿನ್ ನಡೆಸುವ ಕಂಪ್ಯೂಟರಿಗೆ) ತಲುಪಲಿಲ್ಲ ಎಂದರ್ಥ. ಮುಳ್ಳು ಗಾಡಿಯ ವೇಗದ ಜೊತೆಗೇ ನಿಧಾನವಾಗಿ ಇಳಿದಿದ್ದರೆ ಡೀಸೆಲ್ ಕಡೆ ನೋಡಿ. ಮುಳ್ಳೇ ಇಲ್ಲದ ಗಾಡಿಯಾದರೆ ಸ್ಕ್ಯಾನರಿನ ಆರ್‌ಪಿಎಂ ನೋಡಬೇಕು.

ನಿಮ್ಮದು ಯಾವ ಕಾಲದ ಎಂಜಿನ್?

ಟೈಮಿಂಗ್ ಎನ್ನುವ ಒಂದೇ ಮಾತಿಗೆ ಎರಡು ಕಾಲದಲ್ಲಿ ಎರಡು ಅರ್ಥ. ಪಂಪಿನಿಂದ ನಾಲ್ಕು ಉಕ್ಕಿನ ಪೈಪ್ ಹೊರಟು ನೇರ ಡೀಸೆಲ್ ಸಿಂಪಡಿಸುವ ನಾಲ್ಕು ನಾಜಲ್‌ಗೆ ಹೋಗಿದ್ದರೆ ಅದು ಹಳೆಯ ಯಾಂತ್ರಿಕ ಪಂಪು. ನಮ್ಮ ಕಡೆ ಈಗಲೂ ಅದನ್ನು ಮೈಕೋ ಪಂಪ್ ಎನ್ನುವವರಿದ್ದಾರೆ. ಬೆಂಗಳೂರಿನಲ್ಲಿ 1951ರಲ್ಲಿ ಶುರುವಾದ ಮೈಕೋ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡರೂ ಗ್ಯಾರೇಜಿನವರ ಬಾಯಲ್ಲಿ ಹಳೆಯ ಹೆಸರೇ ಉಳಿದಿದೆ. ಇಲ್ಲಿ ಡೀಸೆಲ್ ಯಾವಾಗ ಸಿಂಪಡಿಸಬೇಕು ಎನ್ನುವುದನ್ನು ಪಂಪು ಕೂತ ಕೋನ ನಿರ್ಧರಿಸುತ್ತದೆ. ಕೈಯಿಂದ ಹೊಂದಿಸಬಹುದು, ಕೈಯಿಂದ ಕೆಡಿಸಲೂಬಹುದು.

ಪೈಪುಗಳೆಲ್ಲ ಒಂದು ದಪ್ಪ ಕೊಳವೆಯಿಂದ ಹೊರಟು, ಪ್ರತಿ ನಾಜಲ್ ತಲೆಯ ಮೇಲೂ ವೈರಿನ ಕಪ್ಲರ್ ಇದ್ದರೆ ಅದು ಕಾಮನ್ ರೈಲ್. ಆ ದಪ್ಪ ಕೊಳವೆಯೇ ರೈಲು. ಇಲ್ಲಿ ಸಿಂಪಡಿಸುವ ಹೊತ್ತನ್ನು ನಿರ್ಧರಿಸುವುದು ಇಸಿಯು. ಅದು ನಂಬುವುದು ಕ್ರ್ಯಾಂಕ್ ಮತ್ತು ಕ್ಯಾಮ್ (ವಾಲ್ವು ತೆರೆಯುವ ದಂಡ) ಸೆನ್ಸರ್ ಹೇಳುವುದನ್ನು. ಪಂಪು ತಿರುಗಿಸಿ ಟೈಮಿಂಗ್ ಕೂರಿಸುವ ಮಾತೇ ಇಲ್ಲಿಲ್ಲ. ಇರುವುದು ಕ್ರ್ಯಾಂಕಿಗೂ ಕ್ಯಾಮ್‌ಶಾಫ್ಟಿಗೂ ನಡುವಿನ ಬೆಲ್ಟ್, ಚೈನ್ ಅಥವಾ ಗೇರಿನ ಹೊಂದಾಣಿಕೆ ಮಾತ್ರ. ಗಾಡಿಯ ಹೊಗೆಗೆ ಮಿತಿ ಹಾಕುವ ಭಾರತ್ ಸ್ಟೇಜ್ 4 ನಿಯಮ ದೇಶದೆಲ್ಲೆಡೆ 2017ರ ಏಪ್ರಿಲ್ 1ರಿಂದ, ಸ್ಟೇಜ್ 6 2020ರ ಏಪ್ರಿಲ್ 1ರಿಂದ ಜಾರಿಗೆ ಬಂತು. ನಾನು ಇಲ್ಲಿ ಹೇಳುತ್ತಿರುವುದು ಹೆಚ್ಚಾಗಿ ಸ್ಟೇಜ್ 6ಕ್ಕಿಂತ ಮೊದಲಿನ ಕಾಮನ್ ರೈಲ್ ಗಾಡಿಗಳ ಬಗ್ಗೆ. ಮೈಕೋ ಪಂಪಿನವರಿಗೆ ಕೊನೆಯ ಕಡೆ ಒಂದು ಭಾಗ ಇದೆ.

ಒಂದು ಎಚ್ಚರಿಕೆ. ಮಿಸ್ಸಿಂಗ್ (ಯಾವ ಸಿಲಿಂಡರ್ ಉರಿಯುತ್ತಿಲ್ಲ ಎನ್ನುವುದು) ಹುಡುಕಲು ಎಂಜಿನ್ ಓಡುತ್ತಿರುವಾಗಲೇ ನಾಜಲ್ ಪೈಪಿನ ನಟ್ ಸಡಿಲಿಸುವುದು ಹಳೆಯ ಮೇಸ್ತ್ರಿಗಳ ರೂಢಿ. ಕಾಮನ್ ರೈಲಿನಲ್ಲಿ ಇದನ್ನು ಮಾಡಲೇಬೇಡಿ. ಐಡ್ಲಿಂಗ್‌ನಲ್ಲೇ 250ರಿಂದ 350 ಬಾರ್ ಒತ್ತಡ ಇರುತ್ತದೆ, ಲೋಡಿನಲ್ಲಿ ಸಾವಿರ ದಾಟುತ್ತದೆ. ಕೂದಲೆಳೆಯಷ್ಟು ಸಂದಿಯಿಂದ ಬಂದ ಡೀಸೆಲ್ ಚರ್ಮ ಸೀಳಿ ಮಾಂಸದೊಳಗೆ ಹೋಗುತ್ತದೆ. ಹಾಗಾದರೆ ಗಾಯ ಎಷ್ಟು ಸಣ್ಣದೆನಿಸಿದರೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ನಾಜಲ್ ಕಪ್ಲರಿನಲ್ಲೂ 12 ವೋಲ್ಟಿಗಿಂತ ಬಹಳ ಹೆಚ್ಚಿನ ವೋಲ್ಟೇಜ್ ಬರುತ್ತದೆ. ಕಪ್ಲರ್ ಬಿಚ್ಚುವುದಿದ್ದರೆ ಎಂಜಿನ್ ನಿಲ್ಲಿಸಿ, ಚಾವಿ ತೆಗೆದು ಬಿಚ್ಚಿ.

ಬ್ಯಾಟರಿ, ಅರ್ತಿಂಗ್

ಇದನ್ನು ಹಾರಿಸಿ ಮುಂದೆ ಹೋಗುವವರೇ ಜಾಸ್ತಿ. ನಾನೂ ಹಾರಿಸಿದ್ದೆ.

ರಾತ್ರಿ ಪೂರ್ತಿ ನಿಂತ ಗಾಡಿಯ ಬ್ಯಾಟರಿ 12.6 ವೋಲ್ಟಿನ ಆಸುಪಾಸು ತೋರಿಸಬೇಕು. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಬೀಳಬಾರದು. ಬಿದ್ದರೆ ಕೆಲವು ಇಸಿಯುಗಳು ಗೊಂದಲಕ್ಕೆ ಬಿದ್ದು ಇಲ್ಲದ ಸೆನ್ಸರ್ ದೋಷಗಳನ್ನು ಬರೆದಿಡುತ್ತವೆ. ಎಂಜಿನ್ ಓಡುವಾಗ 13.8ರಿಂದ 14.5 ಇದ್ದರೆ ಚಾರ್ಜಿಂಗ್ ಸರಿ.

ಆಮೇಲೆ ಅರ್ತಿಂಗ್. ಬ್ಯಾಟರಿಯ ಮೈನಸ್ಸನ್ನು ಎಂಜಿನ್, ಚಾಸಿಗೆ ಜೋಡಿಸುವ ಪಟ್ಟಿ ಗಟ್ಟಿಯಿದೆಯೋ ಎಂದು ಕೈಯಲ್ಲಿ ಎಳೆದು ನೋಡಿದರೆ ಸಾಲದು. ಮೀಟರನ್ನು ಡಿಸಿ ವೋಲ್ಟಿಗಿಟ್ಟು ಕೆಂಪು ಮುಳ್ಳನ್ನು ಎಂಜಿನ್ ಬ್ಲಾಕಿನ ಸ್ವಚ್ಛ ಲೋಹಕ್ಕೆ, ಕಪ್ಪನ್ನು ಬ್ಯಾಟರಿಯ ಮೈನಸ್ ಕಂಬಕ್ಕೇ ತಾಗಿಸಿ (ಕ್ಲ್ಯಾಂಪಿಗಲ್ಲ, ಕಂಬಕ್ಕೆ). ಇನ್ನೊಬ್ಬರು ಸೆಲ್ಫ್ ಹೊಡೆಯಲಿ. 0.2 ವೋಲ್ಟಿನೊಳಗಿದ್ದರೆ ಒಳ್ಳೆಯದು. ಅರ್ಧ ವೋಲ್ಟ್ ತೋರಿಸಿದರೆ ಪಟ್ಟಿ ಅಥವಾ ಅದರ ತುದಿಯ ಲಗ್ ಹಾಳಾಗಿದೆ. ಇದೇ ರೀತಿ ಇಸಿಯುವಿನ ಅರ್ತ್ ವೈರಿಗೂ ನೋಡಿ, ಅಲ್ಲಿ 0.1ಕ್ಕಿಂತ ಹೆಚ್ಚು ಬರಬಾರದು.

ಕರಾವಳಿಯಲ್ಲಿ ಇದಕ್ಕೆ ಇಷ್ಟು ಒತ್ತು ಕೊಡಲು ಕಾರಣ ಇದೆ. ಕಾರವಾರದ ಬೈತಖೋಲದಲ್ಲೋ ತದಡಿಯಲ್ಲೋ ಮೀನು ತುಂಬಿದ ಗಾಡಿಯ ಕೆಳಗೆ ಒಮ್ಮೆ ಬಗ್ಗಿ ನೋಡಿ. ಐಸು ಕರಗಿದ ಉಪ್ಪುನೀರು ಬಾಡಿಯ ಸಂದಿಯಿಂದ ಸೋರಿ ಚಾಸಿಯ ಮೇಲೆ ಹರಿದಿರುತ್ತದೆ. ಅದೇ ದಾರಿಯಲ್ಲಿ ವೈರಿಂಗ್ ಕಿಟ್ಟು (ವೈರುಗಳ ಕಟ್ಟು), ಅರ್ತ್ ಬೋಲ್ಟು ಇರುತ್ತವೆ. ಸಾಣಿಕಟ್ಟೆಯಲ್ಲಿ ಉಪ್ಪು ಬೆಳೆಯುವುದು ಗದ್ದೆಯಲ್ಲಿ, ನಮ್ಮ ಗಾಡಿಗಳಲ್ಲಿ ಲಗ್ಗಿನ ಒಳಗೆ. ಘಟ್ಟದ ಮೇಲಿನ ಗಾಡಿಗಳಿಗೆ ಉಪ್ಪಿನ ಕಾಟವಿಲ್ಲ, ಇಲಿಯ ಕಾಟ. ಅಡಿಕೆ ಮನೆಯ ಪಕ್ಕ ನಾಲ್ಕು ದಿನ ನಿಂತ ಪಿಕಪ್ಪಿನ ಎಂಜಿನ್ ಮೇಲೆ ಅಡಿಕೆ ಸಿಪ್ಪೆ, ಹುಲ್ಲು ಕಂಡರೆ ಸ್ಕ್ಯಾನರ್ ತೆಗೆಯುವ ಮೊದಲು ವೈರಿಂಗ್ ಕಿಟ್ಟನ್ನು ಉದ್ದಕ್ಕೂ ಸವರಿ ನೋಡಿ.

ಕೋಡ್ ಓದುವುದು

ಸ್ಟೀರಿಂಗ್ ಕೆಳಗಿನ 16 ಪಿನ್ನಿನ ಕಪ್ಲರಿಗೆ ಹಾಕುವ ಬ್ಲೂಟೂತ್ ಸ್ಕ್ಯಾನರ್ ಎಲ್ಲ ಹಳೆಯ ಪಿಕಪ್‌ಗಳ ಜೊತೆ ಮಾತಾಡುವುದಿಲ್ಲ. ಆಡದಿದ್ದರೆ ಆ ಕಂಪನಿಯ ಗಾಡಿಗೆ ಹೊಂದುವ ಸ್ಕ್ಯಾನರ್ ಇರುವ ಗ್ಯಾರೇಜಿಗೆ ಒಯ್ಯಿರಿ. ಕೋಡ್ (ಇಸಿಯು ಬರೆದಿಟ್ಟ ದೋಷದ ಸಂಖ್ಯೆ) ಬಂದ ಕೂಡಲೇ ಅಳಿಸಬೇಡಿ. ಎಲ್ಲವನ್ನೂ ಬರೆದುಕೊಳ್ಳಿ, ಫೋಟೋ ತೆಗೆಯಿರಿ. ದೋಷ ಆದ ಗಳಿಗೆಯ ಆರ್‌ಪಿಎಂ, ತಾಪ, ವೇಗಗಳನ್ನೂ ಹಲವು ಇಸಿಯುಗಳು ಹಿಡಿದಿಟ್ಟಿರುತ್ತವೆ. ಅಳಿಸಿದರೆ ಆ ಸಾಕ್ಷಿಯೂ ಹೋಯಿತು.

ಪಿ 0335 ಎಂದರೆ ಕ್ರ್ಯಾಂಕ್ ಸೆನ್ಸರಿನ ಸರ್ಕೀಟು. ಪಿ 0340 ಕ್ಯಾಮ್ ಸೆನ್ಸರಿನ ಸರ್ಕೀಟು. ಪಿ 0016 ಬಂದರೆ ಕ್ರ್ಯಾಂಕ್ ಹೇಳುವುದಕ್ಕೂ ಕ್ಯಾಮ್ ಹೇಳುವುದಕ್ಕೂ ತಾಳೆಯಿಲ್ಲ. ಪಿ 0087 ರೈಲಿನ ಒತ್ತಡ ಕಡಿಮೆ. ಪಿ 0193 ರೈಲ್ ಸೆನ್ಸರಿನ ವೋಲ್ಟೇಜ್ ಹೆಚ್ಚು, ಪಿ 0118 ಕೂಲಂಟ್ ತಾಪದ ಸೆನ್ಸರಿನ ವೋಲ್ಟೇಜ್ ಹೆಚ್ಚು. ಇವುಗಳಲ್ಲಿ ಸರ್ಕೀಟು ಎನ್ನುವ ಪದದ ಮೇಲೆ ಗಮನ ಇಡಿ. ಸರ್ಕೀಟು ಎಂದರೆ ಸೆನ್ಸರ್, ಕಪ್ಲರ್, ವೈರು, ಇಸಿಯುವಿನ ಪಿನ್ನು ಎಲ್ಲವೂ ಸೇರಿತು. ಪಿ 0335 ನೋಡಿ ಸೆನ್ಸರ್ ಖರೀದಿಸಿದವನು ನಾಲ್ವರು ಆರೋಪಿಗಳಲ್ಲಿ ಒಬ್ಬನನ್ನು ವಿಚಾರಣೆ ಇಲ್ಲದೆ ಜೈಲಿಗೆ ಹಾಕಿದ ಹಾಗೆ.

ಒಮ್ಮೆಗೇ ನಾಲ್ಕೈದು ಸೆನ್ಸರಿನ ಕೋಡ್ ಬಂದರೆ ಖುಷಿಪಡಿ. ನಾಲ್ಕೂ ಒಂದೇ ದಿನ ಸಾಯುವುದಿಲ್ಲ. ಹೆಚ್ಚಾಗಿ ಅವೆಲ್ಲಕ್ಕೂ ಸಮಾನವಾದ ಅರ್ತ್ ಅಥವಾ 5 ವೋಲ್ಟಿನ ಸಾಲು ಕೆಟ್ಟಿರುತ್ತದೆ.

ತಣ್ಣಗಿರುವಾಗ ಒಂದು ಓದು

ಬೆಳಿಗ್ಗೆ ಎಂಜಿನ್ ಸ್ಟಾರ್ಟ್ ಮಾಡದೆ ಚಾವಿ ಮಾತ್ರ ತಿರುಗಿಸಿ ಸ್ಕ್ಯಾನರಿನಲ್ಲಿ ಲೈವ್ ಡೇಟಾ (ಸೆನ್ಸರುಗಳ ಆ ಹೊತ್ತಿನ ಅಂಕಿ) ನೋಡಿ. ಕೂಲಂಟ್ ತಾಪ, ಒಳಗೆ ಬರುವ ಗಾಳಿಯ ತಾಪ ಎರಡೂ ಹೊರಗಿನ ತಾಪಕ್ಕೆ ಹತ್ತಿರ ಇರಬೇಕು, ಒಂದಕ್ಕೊಂದು ಎರಡು ಮೂರು ಡಿಗ್ರಿ ಆಚೀಚೆ. ಗಾಳಿ 26, ಕೂಲಂಟ್ 48 ಎಂದರೆ ಕೂಲಂಟ್ ಸೆನ್ಸರ್ ಸುಳ್ಳು ಹೇಳುತ್ತಿದೆ. ಮೈನಸ್ 40 ತೋರಿಸಿದರೆ ಕರಾವಳಿಗೆ ಹಿಮ ಬಂದಿಲ್ಲ, ವೈರು ತುಂಡಾಗಿದೆ ಅಥವಾ ಕಪ್ಲರ್ ಬಿಟ್ಟುಕೊಂಡಿದೆ. ಈ ಸೆನ್ಸರ್ ಬಿಸಿಯಾದಂತೆ ವಿದ್ಯುತ್ ತಡೆ (ಓಮ್) ಕಡಿಮೆಯಾಗುವ ಜಾತಿಯದು. ಸಾಮಾನ್ಯವಾಗಿ 20 ಡಿಗ್ರಿಯಲ್ಲಿ ಎರಡರಿಂದ ಮೂರು ಸಾವಿರ ಓಮ್, 80ರಲ್ಲಿ ಮುನ್ನೂರರ ಆಸುಪಾಸು. ಪಾತ್ರೆಯ ಬಿಸಿನೀರಿನಲ್ಲಿ ಅದ್ದಿ ಮೀಟರ್ ಹಿಡಿದರೆ ಇಳಿಯುತ್ತಾ ಹೋಗುವುದು ಕಾಣುತ್ತದೆ. ನಡುವೆ ಎಲ್ಲೂ ಜಿಗಿಯಬಾರದು.

ಟರ್ಬೋ ಗಾಡಿಯಲ್ಲಿ ಗಾಳಿ ಒತ್ತಡದ ಸೆನ್ಸರಿಗೆ ನಮ್ಮ ಜಿಲ್ಲೆಯೇ ಒಳ್ಳೆಯ ತಕ್ಕಡಿ. ಎಂಜಿನ್ ನಿಂತಿರುವಾಗ ಅದು ಹೊರಗಿನ ವಾಯುಭಾರವನ್ನೇ ತೋರಿಸಬೇಕು. ಕುಮಟೆಯ ಸಮುದ್ರ ಮಟ್ಟದಲ್ಲಿ 100 ಕಿಲೋಪಾಸ್ಕಲ್ ಆಸುಪಾಸು, ಸುಮಾರು 600 ಮೀಟರ್ ಎತ್ತರದ ಶಿರಸಿಯಲ್ಲಿ 94. ಘಟ್ಟ ಹತ್ತಿದರೂ ಅಂಕಿ ಅಲುಗಾಡದಿದ್ದರೆ ಅಥವಾ ಕುಮಟೆಯಲ್ಲೇ 85 ತೋರಿಸಿದರೆ ಸೆನ್ಸರ್ ಮಸಿ ಕಟ್ಟಿದೆ ಅಥವಾ ಕೆಟ್ಟಿದೆ. ಕಪ್ಪು ಹೊಗೆ, ಏರಿನಲ್ಲಿ ಎಳೆತ (ಪಿಕಪ್) ಇಲ್ಲ ಎನ್ನುವ ದೂರಿದ್ದರೆ ಇದನ್ನೂ, ಟರ್ಬೋ ಹೋಸ್ ಪೈಪಿನ ಸೀಳನ್ನೂ, ಹೊಗೆಯ ಒಂದು ಪಾಲನ್ನು ಎಂಜಿನ್ನಿಗೆ ಮರಳಿಸುವ ಇಜಿಆರ್ ವಾಲ್ವು ತೆರೆದೇ ಅಂಟಿಕೊಂಡಿದೆಯೋ ಎನ್ನುವುದನ್ನೂ ನೋಡಿ. ಈ ಮೂರರಲ್ಲಿ ಹೋಸ್ ಪೈಪೇ ಹೆಚ್ಚು ಸಲ ಸಿಕ್ಕಿಬೀಳುವುದು.

5 ವೋಲ್ಟಿನ ಪರೀಕ್ಷೆ

ರೈಲ್ ಸೆನ್ಸರ್, ಗಾಳಿ ಒತ್ತಡದ ಸೆನ್ಸರ್, ಆಕ್ಸಿಲರೇಟರ್ ಪೆಡಲ್ ಇವಕ್ಕೆಲ್ಲ ಇಸಿಯು 5 ವೋಲ್ಟ್ ಕೊಡುತ್ತದೆ. ಕಪ್ಲರ್ ಬಿಚ್ಚಿ ಚಾವಿ ತಿರುಗಿಸಿ ಅಳೆಯಿರಿ, 4.9ರಿಂದ 5.1 ಬರಬೇಕು. ಎರಡೋ ಮೂರೋ ಬಂದರೆ ಆ ಸಾಲಿನ ಯಾವುದೋ ಒಂದು ಸೆನ್ಸರ್ ಒಳಗೇ ಶಾರ್ಟ್ ಆಗಿ ಉಳಿದವರ ಪಾಲನ್ನೂ ತಿನ್ನುತ್ತಿದೆ. ಮೀಟರ್ ಹಾಗೇ ಇಟ್ಟು, ಉಳಿದ ಸೆನ್ಸರ್‌ಗಳ ಕಪ್ಲರುಗಳನ್ನು ಒಂದೊಂದಾಗಿ ಬಿಚ್ಚುತ್ತಾ ಹೋಗಿ. ಯಾವುದನ್ನು ಬಿಚ್ಚಿದಾಗ 5 ವೋಲ್ಟ್ ಮರಳಿ ಬಂತೋ ಅದೇ ಕಳ್ಳ. ಎಲ್ಲ ಬಿಚ್ಚಿದರೂ ಬಾರದಿದ್ದರೆ ವೈರಿಂಗ್ ಎಲ್ಲೋ ಚಾಸಿಗೆ ತಾಗಿದೆ, ಇಲ್ಲವೇ ಇಸಿಯು ಒಳಗೆ ತಕರಾರು. ಇಸಿಯು ಮೇಲೆ ಅನುಮಾನ ಕೊನೆಗೆ ಬರಲಿ.

ಕ್ರ್ಯಾಂಕ್ ಸೆನ್ಸರ್

ಬಹಳಷ್ಟು ಎಂಜಿನ್‌ಗಳಲ್ಲಿ ಕ್ರ್ಯಾಂಕಿನ ಜೊತೆ ತಿರುಗುವ ಒಂದು ಹಲ್ಲಿನ ಚಕ್ರ ಇರುತ್ತದೆ. 60 ಹಲ್ಲಿನ ಜಾಗ, ಅದರಲ್ಲಿ ಎರಡು ಬೇಕೆಂದೇ ಬಿಟ್ಟದ್ದು. ಒಂದು ಹಲ್ಲಿಗೆ 6 ಡಿಗ್ರಿ. ಆ ಖಾಲಿ ಜಾಗ ಸೆನ್ಸರಿನ ಮುಂದೆ ಹಾದಾಗ ಪಿಸ್ಟನ್ ಎಲ್ಲಿದೆ ಎನ್ನುವುದು ಇಸಿಯುಗೆ ತಿಳಿಯುತ್ತದೆ. ಆದರೆ ಕ್ರ್ಯಾಂಕ್ ಎರಡು ಸುತ್ತು ತಿರುಗಿದರೆ ಕ್ಯಾಮ್ ಒಂದು ಸುತ್ತು. ಪಿಸ್ಟನ್ ಮೇಲೆ ಬಂದದ್ದು ಒತ್ತುವುದಕ್ಕೋ ಹೊಗೆ ಬಿಡುವುದಕ್ಕೋ ಎಂದು ಹೇಳುವುದು ಕ್ಯಾಮ್ ಸೆನ್ಸರ್. ಹಾಗಾಗಿ ಕ್ರ್ಯಾಂಕ್ ಸತ್ತರೆ ಎಂಜಿನ್ ಸಾಮಾನ್ಯವಾಗಿ ತಕ್ಷಣ ಬಂದ್. ಕ್ಯಾಮ್ ಸತ್ತರೆ ಹಲವು ಎಂಜಿನ್‌ಗಳು ಓಡುತ್ತಿರುತ್ತವೆ, ಮುಂದಿನ ಸಲ ಸ್ಟಾರ್ಟ್ ಆಗಲು ಸತಾಯಿಸುತ್ತವೆ.

ಮೊದಲ ಪರೀಕ್ಷೆ: ಸೆಲ್ಫ್ ಹೊಡೆಯುತ್ತಾ ಸ್ಕ್ಯಾನರಿನಲ್ಲಿ ಆರ್‌ಪಿಎಂ ನೋಡಿ. ಇನ್ನೂರರ ಸುತ್ತ ಬಂದರೆ ಸುದ್ದಿ ತಲುಪುತ್ತಿದೆ. ಸೊನ್ನೆ ಬಂದರೆ ತಲುಪುತ್ತಿಲ್ಲ.

ಆಮೇಲೆ ಸೆನ್ಸರ್ ಯಾವ ಜಾತಿ ಎಂದು ತಿಳಿಯಬೇಕು. ಸುರುಳಿ ಸುತ್ತಿದ ಸಾದಾ ಸೆನ್ಸರಿಗೆ ಎರಡು ವೈರು, ಕೆಲವಕ್ಕೆ ಮೂರನೆಯದಾಗಿ ಸುತ್ತಲಿನ ಜಾಲರಿಯ ವೈರು. ಒಳಗೆ ಚಿಪ್ ಇರುವ ಹಾಲ್ ಜಾತಿಯದಕ್ಕೆ ಮೂರು: ಸಪ್ಲೈ, ಅರ್ತ್, ಸಿಗ್ನಲ್. ಸುರುಳಿಯದಾದರೆ ಕಪ್ಲರ್ ಬಿಚ್ಚಿ ಎರಡು ಪಿನ್ನುಗಳ ನಡುವೆ ಓಮ್ ನೋಡಿ. ಹೆಚ್ಚಿನವು ಕೆಲವು ನೂರರಿಂದ ಸಾವಿರದ ಮೇಲೆ ಸ್ವಲ್ಪದವರೆಗೆ ತೋರಿಸುತ್ತವೆ, ನಿಮ್ಮ ಗಾಡಿಯ ಸರಿಯಾದ ಅಂಕಿ ಸರ್ವಿಸ್ ಪುಸ್ತಕದಲ್ಲಿರುತ್ತದೆ. ಪಿನ್ನಿಗೂ ಎಂಜಿನ್ ಬ್ಲಾಕಿಗೂ ನಡುವೆ ಸಂಪರ್ಕ ಸಿಗಬಾರದು. ಮೀಟರನ್ನು ಎಸಿ ವೋಲ್ಟಿಗಿಟ್ಟು ಸೆಲ್ಫ್ ಹೊಡೆದರೆ ಅರ್ಧ ವೋಲ್ಟಾದರೂ ಬರಬೇಕು. ಹಾಲ್ ಸೆನ್ಸರಿಗೆ ಓಮ್ ಪರೀಕ್ಷೆ ಬೇಡ, ಅದರಿಂದ ಏನೂ ತಿಳಿಯುವುದಿಲ್ಲ. ಅದರ ಸಪ್ಲೈ, ಅರ್ತ್ ನೋಡಿ, ಕಪ್ಲರ್ ಹಾಕಿದಂತೆಯೇ ಹಿಂದಿನಿಂದ ಸಣ್ಣ ಪಿನ್ ಇಳಿಸಿ ಸಿಗ್ನಲ್ ವೈರಿಗೆ ಮೀಟರ್ ಹಿಡಿಯಿರಿ. ಕ್ರ್ಯಾಂಕ್ ಪುಲ್ಲಿಯನ್ನು ಕೈಯಿಂದ ನಿಧಾನ ತಿರುಗಿಸಿದರೆ ವೋಲ್ಟ್ ಏರಿಳಿಯಬೇಕು. ಕ್ಯಾಮ್ ಸೆನ್ಸರ್ ಬಹುಪಾಲು ಹಾಲ್ ಜಾತಿಯದು, ಅದಕ್ಕೂ ಇದೇ ಕ್ರಮ.

ಸೆನ್ಸರ್ ಬಿಚ್ಚಿದರೆ ತುದಿ ನೋಡಿ. ಆಯಸ್ಕಾಂತಕ್ಕೆ ಕಬ್ಬಿಣದ ಪುಡಿ ಗಡ್ಡ ಕಟ್ಟಿರುತ್ತದೆ, ಒರೆಸಿ. ಕ್ಲಚ್ ಕೆಲಸದ ನಂತರ ಶುರುವಾದ ತಕರಾರಾದರೆ ಹಲ್ಲಿನ ಚಕ್ರಕ್ಕೆ ಏಟು ಬಿದ್ದಿದೆಯೋ, ಸೆನ್ಸರಿಗೂ ಹಲ್ಲಿಗೂ ನಡುವಿನ ಅಂತರ ಹೆಚ್ಚಾಗಿದೆಯೋ ಎಂದು ಟಾರ್ಚು ಬಿಟ್ಟು ನೋಡಿ. ವೈರು ಕತ್ತರಿಸಿ ಜೋಡಿಸಿದವರು ಸುರುಳಿ ಸೆನ್ಸರಿನ ಎರಡು ವೈರನ್ನು ಅದಲುಬದಲು ಮಾಡಿದ್ದರೂ ಸಿಗ್ನಲ್ ತಲೆಕೆಳಗಾಗಿ ಸ್ಟಾರ್ಟ್ ಕಷ್ಟವಾಗುತ್ತದೆ. ಎಲ್ಲ ಹೊಸದಿದ್ದೂ ಗಾಡಿ ಹೊರಡದಿದ್ದರೆ ಇದನ್ನು ನೆನಪಿಸಿಕೊಳ್ಳಿ.

ಈಗ ಭಾವನ ಗಾಡಿ. ಮೂರನೇ ಸೆನ್ಸರ್ ತರಿಸುವ ಮೊದಲು ಮೀಟರಿನ ಮುಳ್ಳುಗಳನ್ನು ಇಸಿಯು ಕಡೆಯ ಕಪ್ಲರಿನಲ್ಲಿ ಸಿಕ್ಕಿಸಿದೆ. ಸೆನ್ಸರ್ ತನ್ನ ಜಾಗದಲ್ಲೇ ಇತ್ತು. ಅಂದರೆ ಸೆನ್ಸರ್, ಪೂರ್ತಿ ವೈರು ಎರಡನ್ನೂ ಒಟ್ಟಿಗೆ ಅಳೆದಂತಾಯಿತು. ಓಮ್ ಸರಿಯಿತ್ತು. ಭಾವನಿಗೆ ಮೀಟರ್ ನೋಡುತ್ತಿರಲು ಹೇಳಿ, ನಾನು ವೈರನ್ನು ಗೇಣುಗೇಣಾಗಿ ಅಲುಗಾಡಿಸುತ್ತಾ ಬಂದೆ. ಏನೂ ಆಗಲಿಲ್ಲ. ಕೊನೆಗೆ ಹಲಗೆ ಕೊಟ್ಟು ಎಂಜಿನ್ನನ್ನೇ ಒಂದು ಬದಿಗೆ ತುಸು ಎತ್ತಿದೆ. "ಹೋತು!" ಅಂದ ಭಾವ. ಮೀಟರ್ ಖಾಲಿ. ಇಳಿಸಿದರೆ ಮತ್ತೆ ಬಂತು.

ಬಲಬದಿಯ ಎಂಜಿನ್ ಮೌಂಟಿಂಗಿನ ರಬ್ಬರ್ ಕುಸಿದಿತ್ತು. ಏರಿನಲ್ಲಿ ಲೋಡ್ ಬಿದ್ದಾಗ ಎಂಜಿನ್ ವಾಲಿ, ಕಪ್ಲರಿನಿಂದ ನಾಲ್ಕು ಇಂಚು ಹಿಂದಿನ ವೈರನ್ನು ಎಳೆಯುತ್ತಿತ್ತು. ಪ್ಲಾಸ್ಟಿಕ್ ಹೊದಿಕೆ ನೋಡಲು ಹೊಸದರಂತಿತ್ತು, ಸೀಳಿದರೆ ಒಳಗಿನ ತಾಮ್ರ ಹಸಿರು ಕಿಲುಬು ಹಿಡಿದು ಪುಡಿಯಾಗಿತ್ತು. ಸಮತಟ್ಟಿನ ಹೆದ್ದಾರಿಯಲ್ಲಿ ಭಟ್ಕಳದವರೆಗೆ ಓಡಿಸಿದರೂ ದೋಷ ಕಾಣಿಸಿರಲಿಲ್ಲ. ಭಾವ ಬಿಸಿ ಎಂದದ್ದು ತಪ್ಪಲ್ಲ, ಘಟ್ಟ ಹತ್ತುವಾಗ ಎಂಜಿನ್ ಬಿಸಿಯಾಗಿಯೇ ಇರುತ್ತದೆ. ತಣಿಯಲು ನಿಲ್ಲಿಸಿದಾಗ ಎಂಜಿನ್ ತನ್ನ ಜಾಗಕ್ಕೆ ಕೂರುತ್ತಿತ್ತು, ತುಂಡು ತುದಿಗಳು ಮತ್ತೆ ಮುಟ್ಟಿಕೊಳ್ಳುತ್ತಿದ್ದವು. ಬಿಸಿಯೋ ಲೋಡೋ ಎಂದು ಬೇರ್ಪಡಿಸಿ ಕೇಳದಿದ್ದದ್ದು ನನ್ನ ತಪ್ಪು.

ನಿಜಕ್ಕೂ ಬಿಸಿಗೇ ಸಾಯುವ ಸೆನ್ಸರ್‌ಗಳೂ ಇವೆ. ಖಚಿತ ಮಾಡಿಕೊಳ್ಳಲು ಗಾಡಿ ನಿಂತ ಆ ಕ್ಷಣದಲ್ಲೇ ಅಳೆಯಬೇಕು. ಇಲ್ಲವೇ ಸೆನ್ಸರನ್ನು ಬಿಚ್ಚಿ ಕೂದಲು ಒಣಗಿಸುವ ಡ್ರೈಯರಿನಿಂದ ಬಿಸಿಮಾಡುತ್ತಾ ಮೀಟರ್ ನೋಡಿ. ಓಮ್ ಮೆಲ್ಲಗೆ ಏರುವುದು ಸಹಜ, ಒಮ್ಮೆಗೇ ಕಡಿದುಹೋದರೆ ಸೆನ್ಸರ್ ಬದಲಿಸಿ.

ರೈಲಿನ ಒತ್ತಡ

ಆರ್‌ಪಿಎಂ ಬರುತ್ತಿದ್ದು ಎಂಜಿನ್ ಹಿಡಿಯದಿದ್ದರೆ ರೈಲಿನ ಒತ್ತಡ ನೋಡಿ. ಸೆಲ್ಫ್ ಹೊಡೆಯುವಾಗ 150ರಿಂದ 200 ಬಾರ್ ಆಗದೆ ಬಹಳಷ್ಟು ಇಸಿಯುಗಳು ನಾಜಲ್ ತೆರೆಯುವುದಿಲ್ಲ. ಎಂಜಿನ್ ನಿಂತು ಸ್ವಲ್ಪ ಹೊತ್ತಾದ ಮೇಲೆ ರೈಲ್ ಸೆನ್ಸರಿನ ಸಿಗ್ನಲ್ ವೈರಿನಲ್ಲಿ ಅರ್ಧ ವೋಲ್ಟ್ ಇದ್ದು, ಸ್ಕ್ಯಾನರ್ ಸೊನ್ನೆಗೆ ಹತ್ತಿರ ತೋರಿಸಿದರೆ ಸೆನ್ಸರ್ ಬಹುಶಃ ಸರಿ. ಆಗ ಒತ್ತಡ ನಿಜಕ್ಕೂ ಕಡಿಮೆ: ಫಿಲ್ಟರ್ ಕಟ್ಟಿದೆ, ಪೈಪು ಏರ್ ಎಳೆಯುತ್ತಿದೆ, ನಾಜಲ್‌ಗಳು ವಾಪಸ್ ಹೆಚ್ಚು ಬಿಡುತ್ತಿವೆ, ಇಲ್ಲವೇ ಪಂಪು ಸವೆದಿದೆ. ಈ ಕ್ರಮದಲ್ಲೇ ನೋಡಿ, ಖರ್ಚೂ ಈ ಕ್ರಮದಲ್ಲೇ ಏರುತ್ತದೆ. ಮಳೆಗಾಲದಲ್ಲಿ ಫಿಲ್ಟರಿನ ತಳದ ತಿರುಪು ಬಿಚ್ಚಿ ಗಾಜಿನ ಬಾಟಲಿಗೆ ಹಿಡಿದರೆ ನೀರು ಇದ್ದದ್ದು ಕೆಳಗೆ ಕೂರುತ್ತದೆ. ಫಿಲ್ಟರಿಗೂ ಪಂಪಿಗೂ ನಡುವೆ ಒಂದಡಿ ಪಾರದರ್ಶಕ ಡೀಸೆಲ್ ಪೈಪು ತಾತ್ಕಾಲಿಕವಾಗಿ ಹಾಕಿದರೆ ಗುಳ್ಳೆ ಕಾಣುತ್ತದೆ.

ಟೈಮಿಂಗ್ ತಪ್ಪಿದೆಯೇ?

ಪಿ 0016 ಬಂತು, ಎರಡೂ ಸೆನ್ಸರಿನ ವಿದ್ಯುತ್ ಪರೀಕ್ಷೆ ಸರಿಯಿದೆ ಎಂದಾದರೆ ಈಗ ಬೆಲ್ಟು, ಚೈನಿನ ಕಡೆ ಬನ್ನಿ. ಮೊದಲು ಕಿವಿಗೆ ಕೆಲಸ ಕೊಡಿ. ಆರೋಗ್ಯವಂತ ಎಂಜಿನ್ ಸೆಲ್ಫಿಗೆ ತಾಳ ಹಾಕಿದ ಹಾಗೆ ತಿರುಗುತ್ತದೆ, ಪ್ರತಿ ಸಿಲಿಂಡರ್ ಒತ್ತುವಾಗ ಒಂದು ಪೆಟ್ಟು. ತಾಳವಿಲ್ಲದೆ ಸರ್‍ರನೆ ಹಗುರವಾಗಿ ತಿರುಗಿದರೆ ಕಂಪ್ರೆಶನ್ (ಸಿಲಿಂಡರಿನೊಳಗಿನ ಒತ್ತಡ) ಇಲ್ಲ, ಬೆಲ್ಟು ತುಂಡಾಗಿರಬಹುದು ಅಥವಾ ಹಲ್ಲು ಹಾರಿರಬಹುದು. ಅಲ್ಲಿಗೇ ನಿಲ್ಲಿಸಿ. ಇನ್ನೊಂದು ಸಲ ನೋಡೋಣ ಎಂದು ಸೆಲ್ಫ್ ಹೊಡೆಯಬೇಡಿ, ತಳ್ಳಿಯೂ ಸ್ಟಾರ್ಟ್ ಮಾಡಬೇಡಿ. ಡೀಸೆಲ್ ಎಂಜಿನ್ನಿನಲ್ಲಿ ಪಿಸ್ಟನ್ ಮೇಲೆ ಬಂದಾಗ ವಾಲ್ವಿಗೆ ಉಳಿಯುವ ಜಾಗ ಬಹಳ ಕಡಿಮೆ. ಬೆಲ್ಟಿನ ಖರ್ಚಿನಲ್ಲಿ ಮುಗಿಯಬೇಕಾದದ್ದು ಹೆಡ್ ಬಿಚ್ಚುವಲ್ಲಿಗೆ ಹೋಗುತ್ತದೆ.

ಚೈನಿನ ಎಂಜಿನ್ ಮುನ್ಸೂಚನೆ ಕೊಡುತ್ತದೆ. ಬೆಳಗಿನ ಮೊದಲ ಸ್ಟಾರ್ಟಿಗೆ ಎರಡು ಮೂರು ಸೆಕೆಂಡ್ ಮುಂಭಾಗದಲ್ಲಿ ಗಲಗಲ ಸದ್ದು ಬಂದು ನಿಂತರೆ ಚೈನನ್ನು ಬಿಗಿ ಹಿಡಿಯುವ ಟೆನ್ಷನರಿಗೆ ಆಯಿಲ್ ಒತ್ತಡ ತಡವಾಗಿ ಸಿಗುತ್ತಿದೆ ಅಥವಾ ಚೈನು ಸಡಿಲಾಗಿದೆ. ಬೆಲ್ಟಿಗೆ ಸದ್ದಿಲ್ಲ. ಅದರ ಕಿಲೋಮೀಟರೂ ವಯಸ್ಸೂ ಎರಡೂ ಲೆಕ್ಕಕ್ಕೆ ಬರುತ್ತವೆ, ಆಯಿಲ್ ಸೋರಿ ಬೆಲ್ಟು ನೆನೆದಿದ್ದರೆ ಲೆಕ್ಕ ಬಿಟ್ಟು ಬದಲಿಸಿ.

ಗುರುತು ನೋಡುವ ಕ್ರಮ ಹೀಗೆ. ಬ್ಯಾಟರಿಯ ಮೈನಸ್ ಬಿಚ್ಚಿ, ಗೇರು ನ್ಯೂಟ್ರಲ್ ಮಾಡಿ, ಚಕ್ರಕ್ಕೆ ಕಲ್ಲು ಕೊಡಿ. ಟೈಮಿಂಗ್ ಕವರ್ ತೆಗೆದು ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಸಾಕೆಟ್ ಹಾಕಿ ಎಂಜಿನ್ ಓಡುವ ದಿಕ್ಕಿನಲ್ಲೇ ತಿರುಗಿಸಿ. ಹಿಂದಕ್ಕೆ ತಿರುಗಿಸಿದರೆ ಎಳೆತ ಟೆನ್ಷನರ್ ಕಡೆ ಬಿದ್ದು, ಸಡಿಲು ಇನ್ನೊಂದು ಬದಿಗೆ ಸೇರಿ ಹಲ್ಲು ಹಾರಬಹುದು. ಕ್ರ್ಯಾಂಕಿನ ಗುರುತು ಟಾಪ್‌ಗೆ ಬಂದಾಗ ಕ್ಯಾಮಿನ ಗುರುತು ಎದುರು ಬದಿಯಲ್ಲಿದ್ದರೆ ಗಾಬರಿ ಬೇಡ, ಇನ್ನೊಂದು ಪೂರ್ತಿ ಸುತ್ತು ಕೊಡಿ. ಆಗಲೂ ಹೊಂದದಿದ್ದರೆ ಎಷ್ಟು ಹಲ್ಲು ಆಚೀಚೆ ಎಂದು ಎಣಿಸಿ ಬರೆದುಕೊಳ್ಳಿ. ತಿರುಗಿಸುವಾಗ ಗಟ್ಟಿಯಾಗಿ ತಡೆದರೆ ಬಲ ಹಾಕಬೇಡಿ, ವಾಲ್ವು ತಾಗುತ್ತಿರಬಹುದು.

ಇಲ್ಲಿ ಒಂದು ಮೋಸ ಇದೆ. ಹಲವು ಗಾಡಿಗಳ ಕ್ರ್ಯಾಂಕ್ ಪುಲ್ಲಿ ಎರಡು ಉಂಗುರಗಳ ನಡುವೆ ರಬ್ಬರ್ ಇಟ್ಟು ಮಾಡಿದ್ದು. ರಬ್ಬರ್ ಹಳತಾಗಿ ಬಿಟ್ಟರೆ ಹೊರಗಿನ ಉಂಗುರ ಜಾರುತ್ತದೆ, ಅದರ ಮೇಲಿನ ಗುರುತೂ ಜಾರುತ್ತದೆ. ಅದನ್ನು ನಂಬಿ ಸರಿಯಿದ್ದ ಟೈಮಿಂಗನ್ನು ಕೆಡಿಸಿದ ಉದಾಹರಣೆ ನಮ್ಮಲ್ಲೇ ಇವೆ. ಒಳಗಿನ ಗೇರಿನ ಗುರುತನ್ನೋ ಫ್ಲೈವೀಲ್ ಕಡೆಯ ಗುರುತನ್ನೋ ತಾಳೆ ನೋಡಿ. ಗೇರನ್ನು ಕ್ರ್ಯಾಂಕಿಗೆ ಹಿಡಿದಿಡುವ ಕೀ ಸವೆದಿದ್ದರೂ ಹೀಗೇ ಆಗುತ್ತದೆ. ಹೊಸ ಬೆಲ್ಟು ಕೂರಿಸಿದ ಮೇಲೆ ಕೈಯಿಂದ ಎರಡು ಪೂರ್ತಿ ಸುತ್ತು ತಿರುಗಿಸಿ ಮತ್ತೆ ಗುರುತು ನೋಡದೆ ಸೆಲ್ಫ್ ಮುಟ್ಟಬೇಡಿ. ಅನುಮಾನ ಉಳಿದರೆ ಕಂಪ್ರೆಶನ್ ಅಳೆಯಿಸಿ. ಸಾಮಾನ್ಯ ಡೀಸೆಲ್ ಎಂಜಿನ್ನಿಗೆ 25ರಿಂದ 30 ಬಾರ್ ಬರುತ್ತದೆ. ನಾಲ್ಕೂ ಸಿಲಿಂಡರ್ ಒಂದೇ ಸಮ ಕಡಿಮೆ ಬಂದರೆ ಟೈಮಿಂಗ್, ಒಂದೇ ಒಂದು ಕಡಿಮೆ ಬಂದರೆ ವಾಲ್ವು ಅಥವಾ ರಿಂಗು.

ಮೈಕೋ ಪಂಪಿನ ಗಾಡಿಗೆ

ಪಂಪಿನ ಟೈಮಿಂಗ್ ಹಿಂದೆ ಬಿದ್ದರೆ ಬಿಳಿ ಹೊಗೆ, ಕಣ್ಣಿಗೆ ಉರಿ, ಎಳೆತ ಇಲ್ಲ, ಸ್ಟಾರ್ಟ್ ತಡ. ಮುಂದೆ ಹೋದರೆ ಸುತ್ತಿಗೆಯಿಂದ ಹೊಡೆದಂಥ ಗಡಸು ಸದ್ದು. ಆದರೆ ಬಿಳಿ ಹೊಗೆ ಕಂಡ ಕೂಡಲೇ ಪಂಪಿನ ಬೋಲ್ಟ್ ಸಡಿಲಿಸಬೇಡಿ. ಏರ್ ಹಿಡಿದಿದ್ದರೂ, ಹೀಟರ್ ಪ್ಲಗ್ ಸತ್ತಿದ್ದರೂ, ನಾಜಲ್ ಸೋರಿದರೂ ಬಿಳಿ ಹೊಗೆಯೇ. ಅವನ್ನು ನೋಡಿ ಮುಗಿಸಿ. ಪಂಪು ಮುಟ್ಟಲೇಬೇಕಾದರೆ ಮೊದಲು ಪಂಪಿಗೂ ಬ್ಲಾಕಿಗೂ ಅಡ್ಡಲಾಗಿ ಚೂಪು ಉಳಿಯಿಂದ ಒಂದು ಗೆರೆ ಎಳೆಯಿರಿ, ಹಿಂದಿರುಗಲು ದಾರಿ ಬೇಕು. ಒಂದೇ ಸಾಲಿನ ಪಂಪುಗಳಿಗೆ ಡೀಸೆಲ್ ಹನಿ ನಿಲ್ಲುವ ಜಾಗ ನೋಡಿ, ರೋಟರಿ ಪಂಪುಗಳಿಗೆ ಹಿಂಬದಿಗೆ ಡಯಲ್ ಗೇಜ್ ಹಾಕಿ ಮಿಲಿಮೀಟರ್ ಲೆಕ್ಕದಲ್ಲಿ ಹೊಂದಿಸುತ್ತಾರೆ. ಕಿವಿಯಲ್ಲಿ ಕೇಳಿ ಹೊಂದಿಸುವ ಮೇಸ್ತ್ರಿಗಳ ಮೇಲೆ ನನಗೆ ಗೌರವ ಇದೆ, ಗೇಜಿನ ಮೇಲೆ ನಂಬಿಕೆ ಇದೆ.

ರಿಪೇರಿ, ಆಮೇಲೆ ಘಟ್ಟ

ಕಿಲುಬು ಹಿಡಿದ ವೈರನ್ನು ಹೊಳೆಯುವ ತಾಮ್ರ ಸಿಗುವವರೆಗೆ ಹಿಂದಕ್ಕೆ ಕತ್ತರಿಸಿ. ತಿರುಚಿ ಟೇಪ್ ಸುತ್ತಿದ ಜೋಡಣೆ ನಮ್ಮ ಹವೆಗೆ ಒಂದು ಮಳೆಗಾಲವೂ ಬಾಳದು. ಬೆಸುಗೆ ಹಾಕಿ, ಒಳಗೆ ಅಂಟಿರುವ ಕುಗ್ಗುವ ಕೊಳವೆ ಹಾಕಿ ಬಿಸಿ ಮಾಡಿ. ಕ್ರ್ಯಾಂಕ್ ಸೆನ್ಸರಿನ ವೈರಿಗೆ ಜಾಲರಿ ಇದ್ದರೆ ಅದನ್ನೂ ಜೋಡಿಸಿ. ಕಪ್ಲರಿನ ಪಿನ್ನನ್ನು ಸ್ಯಾಂಡ್ ಪೇಪರಿನಿಂದ ಉಜ್ಜಬೇಡಿ, ಮೇಲಿನ ಲೇಪ ಹೋಗುತ್ತದೆ. ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ, ಒಣಗಿಸಿ, ರಬ್ಬರ್ ಸೀಲಿಗೆ ಸಿಲಿಕಾನ್ ಗ್ರೀಸ್ ಸವರಿ. ವೈರು ಕಪ್ಲರಿಗೆ ಮೇಲಿನಿಂದ ಇಳಿಯುವ ಬದಲು ಕೆಳಗೆ ಒಂದು ಬಾಗು ಪಡೆದು ಏರುವಂತೆ ಕಟ್ಟಿ, ಆಗ ನೀರು ಬಾಗಿನಲ್ಲೇ ತೊಟ್ಟಿಕ್ಕುತ್ತದೆ. ಎಂಜಿನ್ ಅಲುಗಾಡಲು ವೈರಿಗೆ ಎರಡು ಇಂಚು ಸಡಿಲು ಬಿಡಿ. ಮೀನಿನ ಗಾಡಿಯಾದರೆ ಪ್ರತಿ ಟ್ರಿಪ್ಪಿನ ನಂತರ ಚಾಸಿಯನ್ನು ಸಿಹಿನೀರಿನಿಂದ ತೊಳೆಯಿರಿ, ಆದರೆ ವಾಟರ್ ಸರ್ವಿಸಿನ ಗನ್ನನ್ನು ಇಸಿಯು, ಕಪ್ಲರುಗಳ ಕಡೆ ತಿರುಗಿಸಬೇಡಿ.

ಈಗ ಕೋಡ್ ಅಳಿಸಿ. ನಾನು ಭಾವನ ಗಾಡಿಗೆ ಹೊಸ ಮೌಂಟಿಂಗ್ ಹಾಕಿ, ವೈರು ಜೋಡಿಸಿ, ಮೂಲ ಸೆನ್ಸರನ್ನೇ ಮರಳಿ ಕೂರಿಸಿದೆ. ಅದು ಮೊದಲಿನಿಂದಲೂ ಸರಿಯಿತ್ತು. ಹತ್ತು ಚೀಲ ಸಿಮೆಂಟ್ ಹೇರಿ ಕುಮಟೆಯಿಂದ ಹೊರಟು ದೇವಿಮನೆ ಹತ್ತಿದೆವು. ಅದೇ ತಿರುವಿನಲ್ಲಿ ಬೇಕೆಂದೇ ಎರಡನೇ ಗೇರಿನಲ್ಲಿ ಪೂರ್ತಿ ಆಕ್ಸಿಲರೇಟರ್ ಕೊಟ್ಟೆ. ಮೇಲೆ ತಲುಪಿ ಹತ್ತು ನಿಮಿಷ ಎಂಜಿನ್ ಬಂದ್ ಮಾಡಿ ನಿಲ್ಲಿಸಿದೆವು. ಗಾಳಿ ಹೊಡೆಯದೆ ನಿಂತಾಗ ಸೆನ್ಸರಿನ ತಾಪ ಓಡುವಾಗಿನದಕ್ಕಿಂತ ಹೆಚ್ಚುವುದರಿಂದ ಆ ಪರೀಕ್ಷೆಯೂ ಬೇಕು. ಒಂದೇ ಸೆಲ್ಫಿಗೆ ಹಿಡಿಯಿತು. ಸ್ಕ್ಯಾನರಿನಲ್ಲಿ ಬಾಕಿ ಕೋಡುಗಳ (ಇನ್ನೂ ಖಚಿತವಾಗದ ದೋಷಗಳ) ಪುಟವನ್ನೂ ತೆರೆದು ನೋಡಿದೆ, ಖಾಲಿ.

ಉಳಿದ ಎರಡು ಸೆನ್ಸರುಗಳನ್ನು ಭಾವ ಡಬ್ಬಿಯಲ್ಲಿ ಹಾಕಿ ಡ್ಯಾಶ್‌ಬೋರ್ಡಿನ ಮೇಲೆಯೇ ಇಟ್ಟುಕೊಂಡಿದ್ದಾನೆ. ನಾನು ಗಾಡಿ ಹತ್ತಿದಾಗೆಲ್ಲ ಅದನ್ನು ಒಮ್ಮೆ ಅಲ್ಲಾಡಿಸಿ ಸದ್ದು ಮಾಡುತ್ತಾನೆ.